ವುಡ್‌ವರ್ಡ್ ರಸ್ತೆಯ ಹಳೆ ಕಾರುಗಳು: ಮಿಚಿಗನ್‌ನಲ್ಲಿ ಆಗಸ್ಟ್ ತಿಂಗಳ ಕೆಲವು ದಿನ

ಬುಧವಾರ

ಆಗಸ್ಟ್ ತಿಂಗಳ ಮೂರನೇ ಶನಿವಾರ ವುಡ್‌ವರ್ಡ್ ರಸ್ತೆಯಲ್ಲಿ ಹಳೆ ಕಾರುಗಳ ಜಾತ್ರೆ, ಡೆಟ್ರಾಯಿಟ್ ಕಡೆ ಬಾ ಅಂತ ಭಾವ ತುಂಬಾ ವರ್ಷದಿಂದ ಕರೆಯುತ್ತಿದ್ದರು. ಅಕ್ಕ, ಭಾವ ಇರುವುದು ನೋವಾಯ್ ಅನ್ನುವ ಊರಿನಲ್ಲಿ. ಡೆಟ್ರಾಯಿಟ್‌ನಿಂದ ಅರ್ಧ, ಮುಕ್ಕಾಲು ಗಂಟೆ ದಾರಿ. ಭಾವ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರ್. ಅವರ ಗ್ಯಾರೇಜಿನಲ್ಲಿ 1966ರ ಫೋರ್ಡ್ ಮಸ್ಟಾಂಗ್ ಒಂದಿದೆ. ಅದನ್ನು ಕಂಪನಿಯಿಂದ ಬಂದ ಹಾಗೇ ಮತ್ತೆ ನಿಲ್ಲಿಸಬೇಕೋ, ಇವತ್ತಿನ ರಸ್ತೆಗೆ ಒಗ್ಗುವ ಹಾಗೆ ಬದಲಾಯಿಸಬೇಕೋ ಅನ್ನೋದು ಇನ್ನೂ ತೀರ್ಮಾನವಾಗಿಲ್ಲ. ಅದಕ್ಕೇ ಈ ವಾರ ಪೂರ್ತಿ ಹಳೆ ಕಾರುಗಳನ್ನು ನೋಡೋಣ, ಆಮೇಲೆ ಯೋಚನೆ ಮಾಡೋಣ ಅಂದರು.

ಮೊದಲು ಹೋಗಿದ್ದು ಪಿಕೆಟ್ ಅವೆನ್ಯೂನಲ್ಲಿರುವ ಫೋರ್ಡ್ ಕಂಪನಿಯ ಹಳೇ ಕಾರ್ಖಾನೆಗೆ. 1904ರಲ್ಲಿ ಕಟ್ಟಿದ ಮೂರಂತಸ್ತಿನ ಇಟ್ಟಿಗೆ ಕಟ್ಟಡ ಅದು. ಉದ್ದ 402 ಅಡಿ, ಅಗಲ 56 ಅಡಿ ಮಾತ್ರ. ಎರಡೂ ಕಡೆ ಸಾಲು ಸಾಲು ಕಿಟಕಿ, ಹಾಗಾಗಿ ಬೆಳಕು ನಡುಮಧ್ಯದವರೆಗೂ ಬರುತ್ತದೆ. ನೆಲ ಮರದ್ದು. ನೂರು ವರ್ಷದ ಹಿಂದೆ ಸೋರಿದ ಎಣ್ಣೆಯ ಕಲೆ ಹಲಗೆಗಳಲ್ಲಿ ಇನ್ನೂ ಕಪ್ಪಗೆ ಉಳಿದಿದೆ. ಮೂರನೇ ಮಹಡಿಯ ಮೂಲೆಯಲ್ಲಿ ಗುಟ್ಟಾಗಿ ಮಾಡಿಕೊಂಡಿದ್ದ ಕೋಣೆ ಇದೆ. ಹೆನ್ರಿ ಫೋರ್ಡ್, ಹೆರಾಲ್ಡ್ ವಿಲ್ಸ್, ಹಂಗೇರಿಯಿಂದ ಬಂದಿದ್ದ ಜೋಸೆಫ್ ಗಲಾಂಬ್ ಮೊದಲಾದವರು ಅಲ್ಲಿ ಕೂತು ಮಾಡೆಲ್ ಟಿ ಕಾರನ್ನು ರೂಪಿಸಿದರು. 1908ರಲ್ಲಿ ಮೊದಲ ಮಾಡೆಲ್ ಟಿ ಇಲ್ಲಿಂದಲೇ ಹೊರಬಿತ್ತು. ಮೊದಲ 12,000ದಷ್ಟು ಕಾರುಗಳು ತಯಾರಾಗಿದ್ದು ಇದೇ ಮಹಡಿಗಳಲ್ಲಿ. ಪಕ್ಕದಲ್ಲೇ ಸ್ಟುಡ್‌ಬೇಕರ್ ಕಂಪನಿಗೆ ಸೇರಿದ್ದ ದೊಡ್ಡ ಕಟ್ಟಡವೊಂದಿತ್ತು. 2005ರಲ್ಲಿ ಬೆಂಕಿ ಬಿದ್ದು ಅದು ಸುಟ್ಟುಹೋಯಿತು. ಇದು ಹೇಗೋ ಉಳಿದುಕೊಂಡಿತು.

ಕಾರನ್ನು ಬದಲಾಯಿಸುವ ಚಾಳಿ ಯಾವಾಗ ಶುರುವಾಯಿತು ಅಂತ ಕೇಳಿದರೆ ಉತ್ತರ ಈ ಮಾಡೆಲ್ ಟಿಯಲ್ಲೇ ಇದೆ. ಕಾರು ಅಗ್ಗ, ಗಟ್ಟಿ, ಎಲ್ಲ ಕಡೆ ಸಿಗುತ್ತಿತ್ತು. 1927ರ ಹೊತ್ತಿಗೆ ಒಂದೂವರೆ ಕೋಟಿ ಕಾರು ಮಾಡಿದ್ದರು. ಹಳೇದು ಕೈಗೆ ಸಿಕ್ಕ ಹುಡುಗರು ಮಡ್‌ಗಾರ್ಡ್ ಕಿತ್ತರು, ಟಾಪ್ ಕಿತ್ತರು, ಎಂಜಿನ್ನಿನ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಬದಲಾಯಿಸಿ ಓಡಿಸಿದರು. ಫ್ರಾಂಟೆನಾಕ್ ಅನ್ನುವ ಹೆಸರಿನ ಹೆಡ್ ಆಗ ತುಂಬಾ ಬೇಡಿಕೆಯಲ್ಲಿತ್ತು. ಅದನ್ನು ಮಾಡುತ್ತಿದ್ದವರು ಲೂಯಿ ಷೆವ್ರೊಲೆ ಮತ್ತು ಅವರ ತಮ್ಮ ಆರ್ಥರ್. ಷೆವ್ರೊಲೆ ಹೆಸರಿನ ಕಂಪನಿ ಫೋರ್ಡ್‌ಗೆ ಎದುರಾಳಿ. ಆ ಹೆಸರಿನ ಅಣ್ಣತಮ್ಮಂದಿರೇ ಫೋರ್ಡ್ ಕಾರಿನ ವೇಗ ಹೆಚ್ಚಿಸುವ ಭಾಗ ಮಾಡಿ ಮಾರಿದರು ಅನ್ನೋದು ನನಗೆ ತುಂಬಾ ಹಿಡಿಸಿತು.

ಮಧ್ಯಾಹ್ನ ಡಿಯರ್‌ಬಾರ್ನ್. ಹೆನ್ರಿ ಫೋರ್ಡ್ ಮ್ಯೂಸಿಯಂ ಪಕ್ಕದ ಗ್ರೀನ್‌ಫೀಲ್ಡ್ ವಿಲೇಜಿನಲ್ಲಿ ನಿಜವಾದ ಮಾಡೆಲ್ ಟಿಯಲ್ಲಿ ಒಂದು ಸುತ್ತು ಹೋಗಬಹುದು. ನಾನು ಡ್ರೈವರ್ ಕಾಲನ್ನೇ ನೋಡುತ್ತಾ ಕೂತಿದ್ದೆ. ಮೂರು ಪೆಡಲ್ ಇವೆ, ಆದರೆ ಒಂದೂ ನಮ್ಮ ಕಾರಿನ ಹಾಗಿಲ್ಲ. ಎಡಗಡೆಯದನ್ನು ಪೂರ್ತಿ ಒತ್ತಿದರೆ ಮೊದಲ ಗೇರ್, ಅರ್ಧಕ್ಕೆ ಹಿಡಿದರೆ ನ್ಯೂಟ್ರಲ್, ಬಿಟ್ಟರೆ ಎರಡನೇ ಗೇರ್. ನಡುವಿನದು ರಿವರ್ಸ್. ಬಲಗಡೆಯದು ಬ್ರೇಕ್. ಆಕ್ಸಿಲರೇಟರ್ ಕಾಲಿನ ಹತ್ತಿರ ಇಲ್ಲವೇ ಇಲ್ಲ, ಸ್ಟೇರಿಂಗ್ ಕೆಳಗೆ ಒಂದು ಸಣ್ಣ ಕಡ್ಡಿ ಅಷ್ಟೆ.

ಮ್ಯೂಸಿಯಂ ಒಳಗೆ ಎರಡು ಕಾರುಗಳ ಮುಂದೆ ಜಾಸ್ತಿ ಹೊತ್ತು ನಿಂತೆವು. ಒಂದು ಬಿಳಿ ಬಣ್ಣದ ತೆರೆದ ಟಾಪಿನ ಮಸ್ಟಾಂಗ್, ನಂಬರ್ 5F08F100001. ಕೊನೆಯ ಆರು ಅಂಕಿ ನೋಡಿ. ಎಣಿಕೆ ಶುರುವಾಗುವುದೇ 100001ರಿಂದ, ಅಂದರೆ ಇದು ಮೊದಲನೆಯದು. ಮಾರಾಟಕ್ಕೆ ಇಟ್ಟ ಕಾರೇ ಅಲ್ಲ ಇದು, ಪ್ರದರ್ಶನಕ್ಕೆ ಅಂತ ಕೆನಡಾದ ಡೀಲರಿಗೆ ಕಳಿಸಿದ್ದು. ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್ ಊರಿನಲ್ಲಿ ಸ್ಟ್ಯಾನ್ಲಿ ಟಕರ್ ಅನ್ನುವ ಪೈಲಟ್ ಅದನ್ನು ಕೊಂಡುಬಿಟ್ಟರು. ಕಂಪನಿ ವಾಪಸ್ ಕೇಳಿದರೂ ಕೊಡದೆ ಸುಮಾರು 10,000 ಮೈಲಿ ಓಡಿಸಿದರು. ಕೊನೆಗೆ 1966ರಲ್ಲಿ ಹತ್ತು ಲಕ್ಷದ ಗಡಿ ಮುಟ್ಟಿದ ಹೊಸ ಮಸ್ಟಾಂಗ್ ಒಂದನ್ನು ತಗೊಂಡು ಇದನ್ನು ಬಿಟ್ಟುಕೊಟ್ಟರು.

ಇನ್ನೊಂದು ಅಧ್ಯಕ್ಷ ಕೆನಡಿಯವರ ಲಿಂಕನ್. 1963ರ ನವೆಂಬರಿನಲ್ಲಿ ಅವರು ಗುಂಡೇಟು ತಿಂದಾಗ ಕೂತಿದ್ದ ಕಾರು ಅದೇ. ಆದರೆ ಈಗ ಕಾಣುವ ರೂಪ ಆವತ್ತಿನದಲ್ಲ. ಆ ಮೇಲೆ ಅದಕ್ಕೆ ಗಟ್ಟಿ ಟಾಪ್ ಹಾಕಿ, ಗುಂಡು ತಡೆಯುವ ಕವಚ ಸೇರಿಸಿ, 1977ರವರೆಗೂ ಬೇರೆ ಅಧ್ಯಕ್ಷರಿಗೆ ಬಳಸಿದರು. ಅದನ್ನು 1963ರ ರೂಪಕ್ಕೆ ವಾಪಸ್ ತಂದಿದ್ದರೆ ಆ ಹದಿನಾಲ್ಕು ವರ್ಷ ಅಳಿಸಿಹೋಗುತ್ತಿತ್ತು. ತರದೇ ಇದ್ದಿದ್ದು ಸರಿ ಅಂತ ನನಗೆ ಅನ್ನಿಸಿತು. ಭಾವ ಏನೂ ಹೇಳಲಿಲ್ಲ, ಕಾರಿನ ಸುತ್ತ ಇನ್ನೊಂದು ಸುತ್ತು ಬಂದರು.

ಗುರುವಾರ

ಭಾವ ರಜೆ ಹಾಕಿದ್ದರು. ಬೆಳಿಗ್ಗೆ ತಿಂಡಿ ಆದ ಮೇಲೆ ಸೀದಾ ಗ್ಯಾರೇಜಿಗೆ. ಮಸ್ಟಾಂಗ್ ನಾಲ್ಕು ಸ್ಟ್ಯಾಂಡುಗಳ ಮೇಲೆ ನಿಂತಿತ್ತು. ಸೀಟು, ಕಾರ್ಪೆಟ್, ಮುಂದಿನ ಮಡ್‌ಗಾರ್ಡ್ ಎಲ್ಲ ಬಿಚ್ಚಿ ಗೋಡೆಗೆ ಒರಗಿಸಿದ್ದರು.

"ಮೊದಲು ಇದನ್ನು ಓದು" ಅಂತ ಎಂಜಿನ್ ಪಕ್ಕದ ತಗಡಿನ ಮೇಲೆ ಒತ್ತಿದ್ದ ಅಕ್ಷರ ತೋರಿಸಿದರು. 6F07C ಅಂತ ಶುರು. 6 ಅಂದರೆ 1966. F ಅಂದರೆ ಡಿಯರ್‌ಬಾರ್ನ್ ಕಾರ್ಖಾನೆ. R ಇದ್ದಿದ್ದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ, T ಇದ್ದಿದ್ದರೆ ನ್ಯೂಜೆರ್ಸಿಯ ಮೆಟಚನ್. 07 ಅಂದರೆ ಗಟ್ಟಿ ಟಾಪಿನ ಎರಡು ಬಾಗಿಲಿನದು. C ಅಂದರೆ 289 ಕ್ಯೂಬಿಕ್ ಇಂಚಿನ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್, ಗಾಳಿಗೆ ಪೆಟ್ರೋಲ್ ಬೆರೆಸುವ ಎರಡು ಬಾಯಿಯ ಕಾರ್ಬ್ಯುರೇಟರ್. ಆಗ ಕಂಪನಿ ಹೇಳಿದ್ದು 200 ಅಶ್ವಶಕ್ತಿ. ಅದೇ ಜಾಗದಲ್ಲಿ K ಅಕ್ಷರ ಇದ್ದರೆ 271 ಅಶ್ವಶಕ್ತಿಯ ವಿಶೇಷ ಎಂಜಿನ್, ಬೆಲೆ ಎಷ್ಟೋ ಪಟ್ಟು ಏರುತ್ತದೆ. K ಕಾರಾಗಿದ್ದರೆ ಒಂದು ಬೋಲ್ಟನ್ನೂ ಬದಲಾಯಿಸಬಾರದು ಅನ್ನುವವರು ತುಂಬಾ ಜನ. C ಕಾರಿಗೆ ಆ ಕಟ್ಟುಪಾಡಿಲ್ಲ. ಲಕ್ಷಗಟ್ಟಲೆ ಮಾಡಿದ್ದಾರೆ.

ಈ ಕಾಲದ ಮಸ್ಟಾಂಗ್ ಕೊಳ್ಳುವವರು ಮೊದಲು ನೋಡಬೇಕಾದ್ದು ಬಣ್ಣವನ್ನಲ್ಲ, ಕೌಲ್ ಅನ್ನು. ಮುಂದಿನ ಗಾಜಿನ ಬುಡದಲ್ಲಿ, ಬಾನೆಟ್ ಮುಗಿಯುವಲ್ಲಿ, ಸಾಲು ಸೀಳುಗಳಿರುವ ಜಾಗ ಅದು. ಅದರ ಕೆಳಗೆ ತಗಡಿನ ಡಬ್ಬಿಯಂಥ ಖಾಲಿ ಜಾಗವಿದೆ. ಗಾಳಿ ಅಲ್ಲಿಂದ ಒಳಗೆ ಬರುತ್ತದೆ, ಮಳೆ ನೀರು ಪಕ್ಕದಿಂದ ಇಳಿದು ಹೋಗುತ್ತದೆ. ಗಾಳಿ ಬರುವ ತೂತಿನ ಸುತ್ತ ಟೋಪಿಯಂತೆ ಎದ್ದ ಅಂಚು ಇರುತ್ತದೆ, ನೀರು ಒಳಗೆ ಬೀಳದಿರಲಿ ಅಂತ. ಆದರೆ ಎಲೆ, ಕಸ, ಮಣ್ಣು ಆ ಸೀಳುಗಳಿಂದ ಒಳಗೆ ಬಿದ್ದು ಕೂರುತ್ತವೆ. ವರ್ಷಗಟ್ಟಲೆ ಒದ್ದೆಯಾಗಿ ಕೂತರೆ ಟೋಪಿಯ ಬುಡ ತುಕ್ಕು ಹಿಡಿದು ಉದುರುತ್ತದೆ. ಆಮೇಲೆ ಬಿದ್ದ ನೀರೆಲ್ಲ ಡ್ರೈವರ್ ಕಾಲಿನ ಮೇಲೆ.

ಭಾವ ಒಂದು ಜಗ್ ನೀರು ತಂದು ಸೀಳಿನ ಮೇಲೆ ನಿಧಾನಕ್ಕೆ ಸುರಿದರು. ನಾನು ಒಳಗೆ ಬಗ್ಗಿ ಟಾರ್ಚ್ ಹಿಡಿದಿದ್ದೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಡ್ಯಾಶ್‌ಬೋರ್ಡಿನ ಹಿಂದಿನಿಂದ ಕಂದು ಬಣ್ಣದ ಒಂದು ಹನಿ ಇಳಿಯಿತು, ಅದರ ಹಿಂದೆ ಇನ್ನೊಂದು, ಆಮೇಲೆ ಸಣ್ಣ ಧಾರೆ. ಧಾರೆ ಬಿದ್ದ ಕಡೆ ನೆಲದ ತಗಡಿನಲ್ಲಿ ಅಂಗೈಯಗಲದ ತೂತು. ಅದರಲ್ಲಿ ಗ್ಯಾರೇಜಿನ ಸಿಮೆಂಟು ನೆಲ ಕಾಣುತ್ತಿತ್ತು.

ಇದನ್ನು ಸರಿ ಮಾಡಲು ಅಡ್ಡದಾರಿ ಇಲ್ಲ. ಮೇಲಿನ ತಗಡನ್ನು ಹಿಡಿದಿರುವ ಸ್ಪಾಟ್ ವೆಲ್ಡುಗಳನ್ನು ಒಂದೊಂದಾಗಿ ಹುಡುಕಿ, ವೃತ್ತಾಕಾರದ ಡ್ರಿಲ್ ಬಿಟ್ಟಿನಿಂದ ಮೇಲಿನ ಪದರ ಮಾತ್ರ ಕೊರೆದು, ತಗಡು ಬಿಚ್ಚಿ, ಒಳಗೆ ಹೊಸ ತುಂಡು ಬೆಸೆದು, ಸೀಲರ್ ಹಚ್ಚಿ, ಮತ್ತೆ ಮೇಲಿನದನ್ನು ಕೂರಿಸಬೇಕು. ಈ ಕಾರಿಗೆ ಬೇರೆ ಛಾಸಿ ಇಲ್ಲ, ಬಾಡಿಯೇ ಕಾರನ್ನು ಹೊರುತ್ತದೆ. ಹಾಗಾಗಿ ನೆಲ ಕತ್ತರಿಸುವ ಮೊದಲು ಬಾಡಿ ಮಟ್ಟವಾಗಿ ನಿಂತಿರಬೇಕು. ಇಲ್ಲದಿದ್ದರೆ ಹೊಸ ನೆಲ ಬೆಸೆದ ಮೇಲೆ ಬಾಗಿಲು ಹಾಕಲು ಹೋದಾಗ ಸಂದು ಮೇಲೊಂದು ಕೆಳಗೊಂದು. ಭಾವ ಪ್ರತಿ ಬಾಗಿಲ ಸಂದನ್ನೂ ಅಳೆದು ಟೇಪಿನ ಮೇಲೆ ಬರೆದು ಅಲ್ಲೇ ಅಂಟಿಸಿದ್ದಾರೆ. ನಮ್ಮೂರಿನ ಗ್ಯಾರೇಜಿನಲ್ಲಿ ಇದನ್ನೆಲ್ಲ ಸೇರಿಸಿ ಟಿಂಕರಿಂಗ್ ಅನ್ನುತ್ತೇವೆ. ಅಮೆರಿಕದಲ್ಲಿ ಒಂದು ಅನುಕೂಲ ಇದೆ, ಈ ಕಾರಿನ ನೆಲ, ಮಡ್‌ಗಾರ್ಡ್, ಬಾಗಿಲಿನ ತಗಡು ಎಲ್ಲ ಹೊಸದಾಗಿ ಮಾಡಿ ಮಾರುತ್ತಾರೆ. ಕೆಲವು ಮಾದರಿಗಳಿಗೆ ಇಡೀ ಬಾಡಿಯೇ ಹೊಸದು ಸಿಗುತ್ತದೆ.

ಸಂಜೆ ಬ್ರೇಕಿನ ಮಾತು ಬಂತು. 1966ರವರೆಗೆ ಮಸ್ಟಾಂಗಿನ ನಾಲ್ಕೂ ಚಕ್ರದ ಬ್ರೇಕಿಗೆ ಒಂದೇ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಪೈಪುಗಳಿಗೆ ತಳ್ಳುವ ಭಾಗ), ಅದರಲ್ಲಿ ಒಂದೇ ಕೋಣೆ. ಎಲ್ಲಾದರೂ ಒಂದು ಪೈಪು ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. 1967ರಿಂದ ಎರಡು ಕೋಣೆಯದು ಬಂತು. ಭುಜದ ಬೆಲ್ಟ್ ಇಲ್ಲ. ಇನ್ನೊಂದು ಸಂಗತಿ ಕೇಳಿ ನನಗೆ ಗಾಬರಿಯಾಯಿತು: ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ. ಟ್ಯಾಂಕಿಗೂ ಹಿಂದಿನ ಸೀಟಿಗೂ ನಡುವೆ ಇರುವುದು ಬರೀ ರಟ್ಟು ಮತ್ತು ಸೀಟಿನ ಹತ್ತಿ. ಅಕ್ಕ ಚಹಾ ತಂದವಳು ಇದನ್ನು ಕೇಳಿ, "ಮಕ್ಕಳನ್ನ ಇದರಲ್ಲಿ ಕೂರಿಸೋದಾದ್ರೆ ಅಲ್ಲಿ ಮೊದಲು ಕಬ್ಬಿಣದ ಶೀಟು ಹಾಕ್ರಿ, ಆಮೇಲೆ ನಿಮ್ಮ ಒರಿಜಿನಲ್ ಮಾತು" ಅಂದಳು. ನನಗಂತೂ ಅವಳ ಮಾತು ಪೂರ್ತಿ ಒಪ್ಪಿಗೆ.

ಶುಕ್ರವಾರ

ಇಪ್ಸಿಲಾಂಟಿ ಚಿಕ್ಕ ಊರು. ಹಡ್ಸನ್ ಕಾರುಗಳ ಕೊನೆಯ ಡೀಲರ್ ಅಂಗಡಿ ಇದ್ದದ್ದು ಅಲ್ಲಿ, ಈಗ ಅದೇ ಕಟ್ಟಡ ಮ್ಯೂಸಿಯಂ. 1951ರಲ್ಲಿ ಬಂದ ಹಡ್ಸನ್ ಹಾರ್ನೆಟ್ ನೋಡಲು ಹೋಗಿದ್ದೆವು. 308 ಕ್ಯೂಬಿಕ್ ಇಂಚಿನ ಆರು ಸಿಲಿಂಡರ್ ಎಂಜಿನ್ ಇಟ್ಟುಕೊಂಡು ವಿ8 ಕಾರುಗಳನ್ನು ರೇಸಿನಲ್ಲಿ ಸೋಲಿಸಿದ ಕಾರು. 1952ರಲ್ಲಿ ಅಮೆರಿಕದ ಕಾರು ರೇಸ್ ಸಂಸ್ಥೆ ನ್ಯಾಸ್ಕಾರ್‌ನ 34 ರೇಸುಗಳಲ್ಲಿ 27 ಹಡ್ಸನ್ ಪಾಲಾದವು. ಕಾರಿನ ನೆಲವನ್ನು ಛಾಸಿಯ ಮೇಲೆ ಇಡದೆ ಅದರ ನಡುವೆ ಕೆಳಗೆ ಇಳಿಸಿದ್ದರು. ಬಾಗಿಲು ತೆಗೆದರೆ ಒಂದು ಮೆಟ್ಟಿಲು ಇಳಿದು ಕೂರಬೇಕು. ಭಾರ ತಗ್ಗಿನಲ್ಲಿ ಇದ್ದಿದ್ದಕ್ಕೆ ತಿರುವಿನಲ್ಲಿ ವಾಲುತ್ತಿರಲಿಲ್ಲ. ಎರಡು ಕಾರ್ಬ್ಯುರೇಟರಿನ ಕಿಟ್ ಕಂಪನಿಯೇ ಮಾರುತ್ತಿತ್ತು. 1954ರಲ್ಲಿ ಹಡ್ಸನ್ ನ್ಯಾಶ್ ಅನ್ನುವ ಇನ್ನೊಂದು ಕಾರು ಕಂಪನಿ ಜೊತೆ ಸೇರಿಹೋಯಿತು.

ಹಡ್ಸನ್ ಸರಿಪಡಿಸುವವರ ಪಾಡು ಮಸ್ಟಾಂಗಿನವರ ಹಾಗಲ್ಲ. ಬಾಗಿಲಿನ ತಗಡು ಹೊಸದು ಸಿಗಲ್ಲ. ಇನ್ನೊಂದು ಹಳೇ ಕಾರು ಹುಡುಕಿ ಬಿಚ್ಚಬೇಕು, ಇಲ್ಲವೇ ಚಪ್ಪಟೆ ತಗಡನ್ನು ಬಡಿದು ಬಡಿದು ಮಾಡಬೇಕು. ಇಂಥ ಕಾರಿಗೆ ಹೊಸ ಎಂಜಿನ್ ಹಾಕಲು ಗರಗಸ ಹಿಡಿಯುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಉಳಿದಿರುವುದೇ ಕಡಿಮೆ, ಅದನ್ನಾದರೂ ಬಿಡಬೇಕು ಅಲ್ವಾ?

ಶನಿವಾರ

ವುಡ್‌ವರ್ಡ್ ಡ್ರೀಮ್ ಕ್ರೂಸ್. ಫರ್ನ್‌ಡೇಲ್‌ನಿಂದ ಪಾಂಟಿಯಾಕ್ ಊರಿನವರೆಗೆ 16 ಮೈಲಿ ರಸ್ತೆ, ಅದರ ತುಂಬಾ ಹಳೆ ಕಾರು. 1995ರಲ್ಲಿ ಫರ್ನ್‌ಡೇಲ್ ಮಕ್ಕಳ ಫುಟ್‌ಬಾಲ್ ಮೈದಾನಕ್ಕೆ ಹಣ ಕೂಡಿಸಲು ಶುರು ಮಾಡಿದ್ದು. ಇವತ್ತು ನಲವತ್ತು ಸಾವಿರದಷ್ಟು ಕಾರು, ಹತ್ತು ಲಕ್ಷ ಜನ ಅಂತ ಲೆಕ್ಕ ಹೇಳುತ್ತಾರೆ. ಟಿಕೆಟ್ ಇಲ್ಲ, ವೇದಿಕೆ ಇಲ್ಲ. ಮಡಚುವ ಕುರ್ಚಿ ತಂದು ರಸ್ತೆ ಬದಿ ಕೂರುವುದು, ಅಷ್ಟೇ. ನಾವು ಬೆಳಿಗ್ಗೆ ಏಳಕ್ಕೆಲ್ಲ ರಾಯಲ್ ಓಕ್ ಹತ್ತಿರ ಜಾಗ ಹಿಡಿದೆವು. ಅಕ್ಕ ಚಪಾತಿ ರೋಲ್, ಮೊಸರನ್ನ ಎಲ್ಲ ಕಟ್ಟಿಕೊಂಡು ಬಂದಿದ್ದಳು.

ಈ ರಸ್ತೆಯಲ್ಲೇ ಯಾಕೆ ಅಂದರೆ, 1950 ಮತ್ತು 60ರ ದಶಕದಲ್ಲಿ ರಾತ್ರಿ ಹೊತ್ತು ಹುಡುಗರು ಕಾರು ಓಡಿಸುತ್ತಿದ್ದದ್ದು ಇಲ್ಲೇ. ಅಗಲ ರಸ್ತೆ, ನಡುವೆ ಹುಲ್ಲಿನ ಪಟ್ಟಿ, ಅಲ್ಲಲ್ಲಿ ತಿರುಗಿ ಬರಲು ದಾರಿ. ಹಾಗಾಗಿ ಒಂದು ಡ್ರೈವ್-ಇನ್ ಹೋಟೆಲಿನಿಂದ ಇನ್ನೊಂದಕ್ಕೆ ಸುತ್ತು ಹೊಡೆಯೋದು ಸುಲಭ. ಕಾರು ಕಂಪನಿಗಳ ಎಂಜಿನಿಯರುಗಳ ಮನೆಗಳೂ ಇದೇ ಆಸುಪಾಸಿನಲ್ಲಿದ್ದವು. ರಾಯಲ್ ಓಕ್‌ನಲ್ಲಿ ರಾಯಲ್ ಪಾಂಟಿಯಾಕ್ ಅನ್ನುವ ಡೀಲರ್ ಇದ್ದರು. 1964ರಲ್ಲಿ ಪಾಂಟಿಯಾಕ್ ಕಂಪನಿಯ ಜಿಟಿಓ ಕಾರು ಬಂದಾಗ, ಈ ಅಂಗಡಿ ಹೊಸ ಕಾರನ್ನೇ ಇನ್ನಷ್ಟು ಚುರುಕು ಮಾಡಿ ಬಾಬ್‌ಕ್ಯಾಟ್ ಅಂತ ಹೆಸರಿಟ್ಟು ಮಾರುತ್ತಿತ್ತು. ಹೆಡ್ ಕೆಳಗೆ ತೆಳು ಗ್ಯಾಸ್ಕೆಟ್, ಕಾರ್ಬ್ಯುರೇಟರಿಗೆ ಬೇರೆ ಜೆಟ್, ಡಿಸ್ಟ್ರಿಬ್ಯೂಟರ್ ಟೈಮಿಂಗಿನಲ್ಲಿ ಸ್ವಲ್ಪ ಬದಲಾವಣೆ, ಇಂಥವು. ಎಂಜಿನ್ನಿನ ಒಳಗಿನ ಈ ಕೆಲಸ ಹೊರಗಿನಿಂದ ಕಾಣುತ್ತಿರಲಿಲ್ಲ. ಹೀಗೆ ಶೋರೂಮಿನಿಂದಲೇ ಬದಲಾಗಿ ಬಂದ ಕಾರನ್ನು ಇವತ್ತು ಒರಿಜಿನಲ್ ಮಾಡುವುದು ಅಂದರೆ ಆ ಬದಲಾವಣೆಯನ್ನೂ ಉಳಿಸಬೇಕು.

ಎಂಟರ ಹೊತ್ತಿಗೆ ರಸ್ತೆ ತುಂಬಿತು. ಮೊದಲು ತಟ್ಟಿದ್ದು ವಾಸನೆ. 1975ಕ್ಕಿಂತ ಹಳೆಯ ಕಾರುಗಳಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತಿರಲಿಲ್ಲ. ಸರಿಯಾಗಿ ಉರಿಯದ ಪೆಟ್ರೋಲಿನ ವಾಸನೆ ಮೂಗಿಗೆ, ಕಣ್ಣಿಗೆ ಸಹ. 1957ರ ಷೆವ್ರೊಲೆ ಬೆಲ್ ಏರ್, 1932ರ ಫೋರ್ಡ್, ಡಾಡ್ಜ್ ಚಾರ್ಜರ್, ಉದ್ದ ರೆಕ್ಕೆಯ 1959ರ ಕ್ಯಾಡಿಲಾಕ್, ಹೈಡ್ರಾಲಿಕ್ ಪಂಪಿನಲ್ಲಿ ಎದ್ದು ಕೂರುವ ಇಂಪಾಲಾ. 1932ರ ಫೋರ್ಡ್ ಬಗ್ಗೆ ಒಂದು ಮಾತು. ಸಾಮಾನ್ಯ ಜನ ಕೊಳ್ಳುವ ಬೆಲೆಯಲ್ಲಿ ವಿ8 ಎಂಜಿನ್ ಬಂದಿದ್ದು ಅದರಲ್ಲೇ, 65 ಅಶ್ವಶಕ್ತಿ. ಹಾಟ್ ರಾಡ್, ಅಂದರೆ ವೇಗಕ್ಕೆ ಅಂತ ಬದಲಾಯಿಸಿದ ಹಳೆ ಕಾರು, ಕಟ್ಟುವವರಿಗೆ ಅದು ಇವತ್ತಿಗೂ ಅಚ್ಚುಮೆಚ್ಚು.

ನಮ್ಮ ಮುಂದೆಯೇ ಕಡು ನೇರಳೆ ಬಣ್ಣದ 1950ರ ಮರ್ಕ್ಯುರಿ ಒಂದು ನಿಂತಿತು. ಟಾಪನ್ನು ತಗ್ಗಿಸಿದ್ದರು. ಕಂಬಗಳನ್ನು ನಾಲ್ಕು ಇಂಚು ಕತ್ತರಿಸಿ ಟಾಪ್ ಇಳಿಸಿದರೆ ಅದು ಕೂರಲ್ಲ, ಕಂಬಗಳು ಓರೆ ಇರುವುದರಿಂದ ಅಂಚು ಅಂಚಿಗೆ ಸೇರಲ್ಲ. ಟಾಪನ್ನೇ ತುಂಡು ಮಾಡಿ ನಡುವೆ ಪಟ್ಟಿ ಸೇರಿಸಬೇಕು, ಗಾಜನ್ನೂ ಕೊಯ್ಯಬೇಕು. ಓನರ್ ಅಜ್ಜ ಹಿಂದಿನ ಮಡ್‌ಗಾರ್ಡ್ ಸೇರುವ ಜಾಗ ಮುಟ್ಟಿ ನೋಡಲು ಹೇಳಿದರು. ಬೆರಳಿಗೆ ಜೋಡಣೆಯೇ ಸಿಗಲಿಲ್ಲ. ಪುಟ್ಟಿ ಅಲ್ಲ, ಸೀಸ. 1950ರ ದಶಕದ ಆರಂಭದಲ್ಲಿ ಇವತ್ತಿನ ಪ್ಲಾಸ್ಟಿಕ್ ಪುಟ್ಟಿ ಇರಲಿಲ್ಲ, ಸೀಸ ತವರದ ಕಡ್ಡಿ ಕರಗಿಸಿ ಮರದ ಹಲಗೆಯಿಂದ ಹರಡಿ, ಅರದಿಂದ ಉಜ್ಜುತ್ತಿದ್ದರು. ಇವರೂ ಹಾಗೇ ಮಾಡಿದ್ದರು. ಬದಲಾವಣೆ ಮಾಡಿದ ಕಾರಿನಲ್ಲೂ ಹಳೆಯ ಕೈಕೆಲಸ ಉಳಿಯಬಹುದು ಅಂತ ನನಗೆ ಆ ಕಾರು ಮುಟ್ಟಿದ ಮೇಲೆ ಗೊತ್ತಾಯಿತು.

ಮಧ್ಯಾಹ್ನ ಬಿಸಿಲು ಏರಿತು. ಸಾಲು ಆಮೆ ನಡಿಗೆಯಲ್ಲಿತ್ತು. ಒಂದೊಂದೇ ಕಾರು ಬಾನೆಟ್ ಎತ್ತಿ ಪಕ್ಕಕ್ಕೆ ನಿಂತಿತು. ಎಂಜಿನ್ನಿನಿಂದಲೇ ತಿರುಗುವ ಹಳೇ ಫ್ಯಾನಿಗೆ ಇಷ್ಟು ನಿಧಾನದಲ್ಲಿ ಗಾಳಿ ಎಳೆಯಲು ಆಗಲ್ಲ. ಎಲೆಕ್ಟ್ರಿಕ್ ಫ್ಯಾನ್, ಅಲ್ಯೂಮಿನಿಯಂ ರೇಡಿಯೇಟರ್ ಹಾಕಿಸಿಕೊಂಡವರು ಆರಾಮಾಗಿ ಹೋದರು. ಹಳೇ ಬಾಡಿಯಲ್ಲಿ ಹೊಸ ಎಂಜಿನ್ ಕೂರಿಸಿದವರೂ ಎಷ್ಟೋ ಜನ. ಜನರಲ್ ಮೋಟರ್ಸ್ 1997ರಲ್ಲಿ ತಂದ ಎಲ್‌ಎಸ್ ಎಂಜಿನ್ ಈಗ ಎಲ್ಲಾ ಕಡೆ. ಹಗುರ, ಚಿಕ್ಕದು, ಬೆಳಿಗ್ಗೆ ಚಳಿಯಲ್ಲೂ ಒಂದೇ ಸಲಕ್ಕೆ ಸ್ಟಾರ್ಟ್. ಒಳ್ಳೇ ಎಂಜಿನ್ನೇ. ಆದರೆ ಹತ್ತು ಬಾನೆಟ್ ಎತ್ತಿದಾಗ ಏಳರಲ್ಲಿ ಅದೇ ಕಂಡರೆ ಬೇಸರ ಆಗುತ್ತದೆ.

ಭಾನುವಾರ

ಕಲಮಝೂ ಹತ್ತಿರದ ಹಿಕರಿ ಕಾರ್ನರ್ಸ್‌ಗೆ ಎರಡು ಗಂಟೆ ದಾರಿ. ಅಲ್ಲಿ ಗಿಲ್ಮೋರ್ ಕಾರ್ ಮ್ಯೂಸಿಯಂ ಇದೆ. 1966ರಲ್ಲಿ ಶುರುವಾಗಿದ್ದು, 90 ಎಕರೆ. ಹಳೇ ಕೊಟ್ಟಿಗೆಗಳನ್ನು ತಂದು ನಿಲ್ಲಿಸಿದ್ದಾರೆ, 1920ರ ದಶಕದ ಫೋರ್ಡ್ ಶೋರೂಮಿನ ಹಾಗೇ ಒಂದು ಕಟ್ಟಡ ಕಟ್ಟಿದ್ದಾರೆ. ಡೊನಾಲ್ಡ್ ಗಿಲ್ಮೋರ್ ಅನ್ನುವವರು ಹಳೆಯ ಪಿಯರ್ಸ್ ಆರೋ ಕಾರೊಂದನ್ನು ಸರಿಪಡಿಸಲು ಹೋಗಿ ಇಷ್ಟೆಲ್ಲ ಬೆಳೆಯಿತು.

ಹೊಳೆಯುವ ಕ್ರೋಮ್ ಬಂಪರುಗಳನ್ನು ನೋಡುತ್ತಾ ಭಾವ ಕೆಲಸ ವಿವರಿಸಿದರು. ಹಳೇ ಲೇಪ ಆಸಿಡ್ಡಿನಲ್ಲಿ ತೆಗೆದು, ತಾಮ್ರ ಕೂರಿಸಿ, ತಿಕ್ಕಿ ತಿಕ್ಕಿ ಹಳ್ಳ ಮುಚ್ಚಿ, ಮೇಲೆ ನಿಕ್ಕಲ್, ಕೊನೆಗೆ ಕೂದಲೆಳೆಗಿಂತ ತೆಳುವಾಗಿ ಕ್ರೋಮಿಯಂ. ಹೊಳಪು ಬರುವುದು ಕೆಳಗಿನ ನಿಕ್ಕಲ್ಲಿನಿಂದ. ಕ್ರೋಮಿಯಂ ಸ್ನಾನದ ದ್ರಾವಣ ಕ್ಯಾನ್ಸರ್ ತರುವಂಥದ್ದು, ನಿಯಮ ಬಿಗಿಯಾದ ಮೇಲೆ ಈ ಕೆಲಸ ಮಾಡುವವರು ಕಡಿಮೆಯಾಗಿದ್ದಾರೆ.

ನನಗೆ ಧರ್ಮಸ್ಥಳದ ಹಳೇ ಕಾರುಗಳ ಸಂಗ್ರಹ ನೆನಪಾಯಿತು. ನಮ್ಮ ದೇಶಕ್ಕೂ ಈ ಕಾರುಗಳಿಗೂ ನಂಟು ಹಳೆಯದು. ಜನರಲ್ ಮೋಟರ್ಸ್ 1928ರಿಂದಲೇ ಬಾಂಬೆಯಲ್ಲಿ ಷೆವ್ರೊಲೆ ಜೋಡಿಸುತ್ತಿತ್ತು, ಆಮೇಲೆ ಪ್ರೀಮಿಯರ್ ಕಂಪನಿ ಡಾಡ್ಜ್, ಪ್ಲಿಮತ್ ಜೋಡಿಸಿತು. ಪೆಟ್ರೋಲ್ ದುಬಾರಿಯಾದಾಗ ಎಷ್ಟೋ ಕಾರುಗಳಿಗೆ ಡೀಸೆಲ್ ಎಂಜಿನ್ ಕೂರಿಸಿ ಟ್ಯಾಕ್ಸಿ ಓಡಿಸಿದರು. ಅದೂ ಮಾಡಿಫಿಕೇಶನ್ನೇ. ಕಾರು ಗುಜರಿಗೆ ಹೋಗದೆ ಉಳಿದದ್ದು ಅದರಿಂದ. ಅದನ್ನು ಮಾಡಿದ ಮೇಸ್ತ್ರಿಗಳ ಬಗ್ಗೆ ನನಗೆ ಗೌರವವೇ ಇದೆ.

ವಾಪಸ್ ಬರುವಾಗ ದಾರಿಯುದ್ದಕ್ಕೂ ಅದೇ ಮಾತು. ನನ್ನ ಅಭಿಪ್ರಾಯ ಕೇಳಿದಾಗ ಹೇಳಿದೆ: "ಭಾವ, ಬಿಚ್ಚಿ ವಾಪಸ್ ಹಾಕಬಹುದಾದ ಬದಲಾವಣೆ ಏನು ಬೇಕಾದರೂ ಮಾಡಿ. ತಗಡು ಕತ್ತರಿಸಿ ಮಾಡುವಂಥದ್ದು ಬೇಡ." ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್, ಎರಡು ಕೋಣೆಯ ಮಾಸ್ಟರ್ ಸಿಲಿಂಡರ್, ಎಲೆಕ್ಟ್ರಿಕ್ ಫ್ಯಾನ್ ಇವೆಲ್ಲ ಬೋಲ್ಟ್ ಹಾಕಿ ಕೂರಿಸುವಂಥವು. ಹಳೇ ಡ್ರಮ್ ಬ್ರೇಕುಗಳಿಗೆ ಗ್ರೀಸ್ ಹಚ್ಚಿ ಪೆಟ್ಟಿಗೆಯಲ್ಲಿ ಇಟ್ಟರೆ ಆಯಿತು. 289 ಎಂಜಿನ್ ಅದೇ ಇರಲಿ. ಪೆಟ್ರೋಲಿನಲ್ಲಿ ಈಗ ಸೀಸ ಇಲ್ಲ, ಎಥನಾಲ್ ಬೇರೆ ಸೇರಿಸುತ್ತಾರೆ. ಅದಕ್ಕೆ ಹೆಡ್ ಬಿಚ್ಚಿದಾಗ ಗಟ್ಟಿ ವಾಲ್ವ್ ಸೀಟು, ಪೆಟ್ರೋಲ್ ಹೋಗುವ ರಬ್ಬರ್ ಪೈಪುಗಳು ಹೊಸವು.

ಭುಜದ ಬೆಲ್ಟಿಗೆ ಮಾತ್ರ ಒಳಗೆ ಬಲವಾದ ಪ್ಲೇಟ್ ಬೆಸೆಯಬೇಕಾಗುತ್ತದೆ. ಟ್ಯಾಂಕ್ ಮತ್ತು ಸೀಟಿನ ನಡುವಿನ ಶೀಟ್ ಕೂಡ ಹಾಗೇ. ಆ ಎರಡರ ವಿಷಯದಲ್ಲಿ ನನ್ನ ನಿಯಮ ನಾನೇ ಬಿಟ್ಟುಕೊಟ್ಟೆ. ಭಾವ ತಲೆಯಾಡಿಸಿದರು.

ಮಿಚಿಗನ್‌ನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಹಾಕುತ್ತಾರೆ, ಆಗ ಹಳೆ ಕಾರು ಹೊರಗೆ ತೆಗೆಯುವವರಿಲ್ಲ. ಗ್ಯಾರೇಜಿನಲ್ಲಿ ಕೆಲಸ ನಡೆಯುವ ಕಾಲ ಅದು. ಕೌಲ್ ಮತ್ತು ನೆಲ ನವೆಂಬರಿಗೆ ಶುರು ಮಾಡಿ, ಬಣ್ಣದ ಕೆಲಸ ಬಿಸಿಲು ಬಂದ ಮೇಲೆ ಅಂತ ಭಾವ ಲೆಕ್ಕ ಹಾಕಿದರು. ಮನೆ ಮುಟ್ಟಿದ ಮೇಲೆ ಊಟಕ್ಕೂ ಮೊದಲು ಲ್ಯಾಪ್‌ಟಾಪ್ ತೆಗೆದು ಕೌಲಿನ ಕೆಳಗಿನ ತಗಡು, ಎಡಬದಿಯ ನೆಲ, ಬೆಲ್ಟಿನ ಪ್ಲೇಟ್ ಮೂರಕ್ಕೂ ಆರ್ಡರ್ ಹಾಕಿದರು.